ಕುಂಬಳದ ಬಳ್ಳಿ ಬೇಲಿ ದಾಟಿದ್ದು

ಲೋಕಕ್ಕೆ ಬಳಿದ ಸಗಣಿ ಸಾರಣೆ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಕೂತು ಅಭ್ಯಾಸವಾಗಿರಲಿಲ್ಲ, ಆಗಾಗ ಮಗ್ಗುಲು ಬದಲಿಸುತ್ತಿದ್ದವು. ಕಾಗೆ, ಗಾಳಿ, ತೊರೆ, ಮನುಷ್ಯರು ಎಲ್ಲರೂ ಒಂದೇ ಮಾತು ಆಡುತ್ತಿದ್ದರು. ಯಾರು ಯಾರನ್ನು ಬೇಕಾದರೂ ಬೈಯಬಹುದಿತ್ತು, ಬೈಸಿಕೊಂಡವರಿಗೆ ಚೆನ್ನಾಗಿ ಅರ್ಥವೂ ಆಗುತ್ತಿತ್ತು.

ಆಗ ಕುಂಬಳದ ಬಳ್ಳಿ ಈಗಿನ ಹಾಗೆ ಊರು ತಿರುಗುತ್ತಿರಲಿಲ್ಲ. ಬೀಜ ಹಾಕಿದ ಪಾತಿಯೊಳಗೇ, ಬಾವಿಯ ಹಗ್ಗ ಸುತ್ತಿಟ್ಟ ಹಾಗೆ, ಸುರುಳಿ ಸುತ್ತಿಕೊಂಡು ಕೂತಿರುತ್ತಿತ್ತು. ಹೂ ಬಿಟ್ಟರೆ ಪಾತಿಯೊಳಗೇ, ಕಾಯಿ ಬಿಟ್ಟರೆ ಪಾತಿಯೊಳಗೇ, ಒಣಗಿ ಹೋದರೆ ಅದೂ ಪಾತಿಯೊಳಗೇ. ಬೇಲಿ ಆಚೆ ಏನಿದೆ ಎಂದು ಯಾವ ಬಳ್ಳಿಯೂ ಇಣುಕಿ ನೋಡಿದ್ದಿಲ್ಲ.

ಒಂದು ಬೆಟ್ಟದ ಬುಡದಲ್ಲಿ ಏಳು ಮನೆಯ ಕೇರಿ ಇತ್ತು. ಏಳು ಮನೆಗೆ ಏಳು ಹಿತ್ತಲು, ಏಳು ಹಿತ್ತಲಿಗೆ ಏಳು ಕುಂಬಳದ ಪಾತಿ. ಬಲಿತ ಕಾಯಿಗಳನ್ನು ಜಂತೆಗೆ ನೇತುಹಾಕಿದರೆ ಮಳೆ ಬರುವವರೆಗೂ ಕೆಡುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಲದಲ್ಲಿ ಏನೂ ಸಿಗದಿದ್ದಾಗ ಅದೇ ಪಲ್ಯ, ಅದೇ ಹುಳಿ, ಅದೇ ಹಿಟ್ಟಿಗೆ ನಂಜಿಕೆ. ಜಂತೆಯಲ್ಲಿ ಕುಂಬಳ ಇಲ್ಲದ ಮನೆಯವರು ಕಾಡುಸೊಪ್ಪು ಹುಡುಕಿಕೊಂಡು ಬಿಸಿಲಲ್ಲಿ ಅಲೆಯಬೇಕಿತ್ತು.

ಬೆಟ್ಟದಿಂದ ಇಳಿಯುವ ತೊರೆಯೇ ಆ ಪಾತಿಗಳಿಗೆಲ್ಲ ನೀರು. ತೊರೆಯಿಂದ ಒಂದು ಸಣ್ಣ ಕಾಲುವೆ ಕೇರಿಯ ಹಿತ್ತಲುಗಳ ಪಕ್ಕಕ್ಕೇ ಹಾದು ಹೋಗುತ್ತಿತ್ತು. ಬೆಳಗ್ಗೆ ಮೊದಲ ಮನೆಯ ಸರದಿ, ಆಮೇಲೆ ಎರಡನೆಯ ಮನೆ, ಹಾಗೇ ಒಬ್ಬರಾದ ಮೇಲೆ ಒಬ್ಬರು. ತಮ್ಮ ಸರದಿ ಬಂದಾಗ ಒಂದು ಮಣ್ಣಿನ ಹೆಂಟೆಯನ್ನು ಕಾಲುವೆಗೆ ಅಡ್ಡ ಇಟ್ಟರೆ ಸಾಕು, ನೀರು ತಮ್ಮ ಪಾತಿಗೆ ತಿರುಗುತ್ತಿತ್ತು. ಸರದಿ ಮುಗಿದ ಮೇಲೆ ಹೆಂಟೆ ತೆಗೆದುಬಿಡಬೇಕು. ಕಾವಲು ಇರಲಿಲ್ಲ, ಕಾವಲು ಇಡಬೇಕು ಅಂತ ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಯಾರ ಮನೆಯಲ್ಲಾದರೂ ವರ್ಷದ ದೊಡ್ಡ ಕುಂಬಳ ಕೊಯ್ಯುವಾಗ ಇಡೀ ಕೇರಿಯನ್ನು ಕರೆಯಬೇಕು. ಕೇರಿಗೆ ಹಿರಿಯನಾದ ಜವರಜ್ಜ ಕತ್ತಿ ಹಿಡಿದು, “ಈ ಕಾಯಿ ಯಾರ ನೀರು ಕುಡೀತು?” ಎಂದು ಕೇಳುತ್ತಾನೆ. ಬೆಳೆದವರು ಆ ನೀರಿನವರ ಹೆಸರು ಹೇಳಬೇಕು, ತಮ್ಮ ಸರದಿಯ ನೀರಾದರೆ ತಮ್ಮ ಹೆಸರು, ಇನ್ನೊಬ್ಬರ ನೀರಾದರೆ ಅವರ ಹೆಸರು. ಯಾರ ಹೆಸರು ಬಂತೋ ಅವರಿಗೆ ಮೊದಲ ಅರ್ಧ. ಉಳಿದ ಅರ್ಧವನ್ನು ಮಿಕ್ಕವರಿಗೆಲ್ಲ ಹಂಚುವುದು.

ಆರನೆಯ ಮನೆಯಲ್ಲಿ ತಿಬ್ಬವ್ವ ಇದ್ದಳು. ಒಂಟಿ ಹೆಂಗಸು. ಮನೆ ಒಪ್ಪ ಓರಣ, ಮಾತು ಮಾತ್ರ ಸ್ವಲ್ಪ ಖಾರ. ಅವಳ ಪಾತ್ರೆಗಳು ಕೇರಿಗೆಲ್ಲ ಚೆನ್ನಾಗಿ ಬೆಳಗಿದ ಪಾತ್ರೆಗಳು. ಅವಳ ಕುಂಬಳಕಾಯಿಗಳು ಕೇರಿಗೆಲ್ಲ ಚಿಕ್ಕವು. ಅದೊಂದೇ ಅವಳ ಸಂಕಟ. ಏನು ಮಾಡಿದರೂ ಅವಳ ಬಳ್ಳಿಯಲ್ಲಿ ಮುಷ್ಟಿಗಿಂತ ದೊಡ್ಡ ಕಾಯಿ ಆಗುತ್ತಿರಲಿಲ್ಲ.

ಬೇಲಿಯ ಗೂಟದ ಮೇಲೆ ದಿನಾ ಒಂದು ಕಾಗೆ ಬಂದು ಕೂರುತ್ತಿತ್ತು.

“ಏನ್ ತಿಬ್ಬವ್ವ, ಈ ಸಲ ನಿಂಬೆಹಣ್ಣು ಬೆಳೆದಿದ್ದೀಯಾ?” ಎಂದು ಕೇಳುತ್ತಿತ್ತು.

“ನಿನ್ನ ಬಾಯಿಗೆ ಮಣ್ಣು ಬೀಳ! ಕುಂಬಳ ಕಣೋ ಅದು.”

“ಓಹೋ! ಹೇಳಿದ್ದು ಒಳ್ಳೇದಾಯ್ತು ಬಿಡು, ಗೊತ್ತೇ ಆಗ್ತಿರಲಿಲ್ಲ.”

ಕಾಗೆಯ ಮಾತನ್ನು ಯಾರಾದರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆಯೇ? ತಿಬ್ಬವ್ವ ಹಚ್ಚಿಕೊಂಡಳು. ಈ ವರ್ಷ ಲೋಕದಲ್ಲಿ ಯಾರೂ ಕಾಣದಷ್ಟು ದೊಡ್ಡ ಕುಂಬಳ ಬೆಳೆದೇ ತೀರುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

ಮಂಡಿಯುದ್ದ ಗುಂಡಿ ತೋಡಿದಳು. ಕುರಿ ಹಿಕ್ಕೆ, ಒಣ ಎಲೆ, ಒಲೆಯ ಬೂದಿ ಎಲ್ಲ ತುಂಬಿದಳು. ಮೂರು ಬೀಜ ಹಾಕಿ, ಮೂರು ಮೊಳೆತ ಮೇಲೆ ಗಟ್ಟಿಯಾದ ಒಂದನ್ನೇ ಉಳಿಸಿಕೊಂಡಳು. ಹಳದಿ ಹೂ ಬಿಟ್ಟಾಗ ದುಂಬಿಯನ್ನು ಕರೆದು, “ಅಣ್ಣಾ, ಸ್ವಲ್ಪ ನಮ್ಮ ಕಡೆ ಬಂದು ಹೋಗಪ್ಪ” ಎಂದು ಬೇಡಿಕೊಂಡಳು. ದುಂಬಿ ಬಂದು ಹೋಯಿತು. ಐದು ಮಿಡಿ ಕಚ್ಚಿದವು.

ತಿಬ್ಬವ್ವ ನಾಲ್ಕನ್ನು ಚಿವುಟಿ ಹಾಕಿದಳು.

“ಅವ್ವಾ, ನೋಯ್ತದೆ!” ಎಂದಿತು ಬಳ್ಳಿ.

“ತಡ್ಕೋ ಮಗಳೇ. ಐದಕ್ಕೂ ಹಂಚಿದರೆ ಐದೂ ನಿಂಬೆಹಣ್ಣೇ ಆಗೋದು. ಇರೋದೆಲ್ಲ ಒಂದಕ್ಕೇ ಕೊಡು.”

ಇಲ್ಲಿವರೆಗೆ ಅವಳದ್ದೇನೂ ತಪ್ಪಿಲ್ಲ. ದೊಡ್ಡ ಕಾಯಿ ಬೇಕು ಎನ್ನುವವರು ಇವತ್ತಿಗೂ ಹಾಗೇ ಮಾಡುತ್ತಾರೆ. ತಪ್ಪು ಇನ್ನು ಮುಂದೆ ಬರುತ್ತದೆ.

ಉಳಿದ ಒಂದು ಮಿಡಿ ಬೆಳೆಯಿತು. ಮುಷ್ಟಿಯಷ್ಟಾಯಿತು, ಚೆಂಬಿನಷ್ಟಾಯಿತು, ಬಿಂದಿಗೆಯಷ್ಟಾಯಿತು. ಆಮೇಲೆ ನಿಂತುಬಿಟ್ಟಿತು. ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಎಷ್ಟಿತ್ತೋ ಅಷ್ಟೇ.

“ಯಾಕವ್ವ ನಿಂತೆ?” ಎಂದು ಕೇಳಿದಳು.

“ಬಾಯಾರಿಕೆ” ಎಂದಿತು ಬಳ್ಳಿ. “ನಿನ್ನ ಸರದಿ ನೀರು ನನ್ನ ಬೇರಿಗೇ ಸಾಲಲ್ಲ. ಇನ್ನು ಕಾಯಿಗೆ ಎಲ್ಲಿಂದ ತರಲಿ?”

ತಿಬ್ಬವ್ವ ಕಾಲುವೆಯ ಕಡೆ ನೋಡಿದಳು. ಅವಳ ಸರದಿ ಮುಗಿದು ಹೋಗಿತ್ತು. ನೀರು ಅವಳ ಹಿತ್ತಲನ್ನು ದಾಟಿ ಏಳನೆಯ ಮನೆಗೆ ಹೋಗುತ್ತಿತ್ತು.

ಏಳನೆಯ ಮನೆ ರಾಚವ್ವನದು. ಕೇರಿಗೆ ಕಡೆಯ ಮನೆ, ಕಡೆಯ ಸರದಿ. ಅವಳ ಗಂಡ ಜೇನು ಕೀಳಲು ಬೆಟ್ಟ ಹತ್ತಿದವನು, ಮಳೆ ಬಿದ್ದ ಮೇಲೆಯೇ ಇಳಿಯುವವನು. ಮಡಿಲಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಅವಳ ಸರದಿ ಬರುವ ಹೊತ್ತಿಗೆ ಮಟಮಟ ಮಧ್ಯಾಹ್ನವಾಗಿರುತ್ತಿತ್ತು. ಕೇರಿಯೆಲ್ಲ ಉಂಡು ಮಲಗಿರುತ್ತಿತ್ತು. ರಾಚವ್ವ ಹೆಂಟೆ ಅಡ್ಡವಿಟ್ಟು ನೀರು ತಿರುಗಿಸಿ, ಕೂಸಿಗೆ ಹಾಲು ಕೊಡಲು ಒಳಗೆ ಹೋಗುತ್ತಿದ್ದಳು. ಹೆಂಗೂ ನೀರು ತನ್ನಷ್ಟಕ್ಕೆ ಹರಿಯುತ್ತದಲ್ಲ ಎಂದು ಅಲ್ಲೇ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು.

ತಿಬ್ಬವ್ವ ಅತ್ತ ಇತ್ತ ನೋಡಿದಳು. ಯಾರೂ ಇರಲಿಲ್ಲ. ಒಂದು ಹೆಂಟೆ ಎತ್ತಿ ತನ್ನ ಹಿತ್ತಲ ಮುಂದೆ ಕಾಲುವೆಗೆ ಅಡ್ಡ ಇಟ್ಟಳು.

“ಏ ತಿಬ್ಬವ್ವ!” ಎಂದಿತು ತೊರೆ. “ಇದು ರಾಚವ್ವನ ಸರದಿ.”

“ನಂಗೊತ್ತು. ಇವತ್ತೊಂದು ದಿನ. ಅದೂ ಪೂರ್ತಿ ಅಲ್ಲ, ಅರ್ಧ.”

“ನನಗೇನವ್ವ, ತಗ್ಗು ಕಂಡ ಕಡೆ ಹೋಗೋಳು ನಾನು.”

“ಯಾರಿಗೂ ಹೇಳಬೇಡ.”

“ನಾನ್ಯಾಕೆ ಹೇಳಲಿ” ಎಂದು ತೊರೆ ಗುಳುಗುಳು ಅನ್ನುತ್ತಾ ತಿಬ್ಬವ್ವನ ಪಾತಿಗೆ ತಿರುಗಿತು.

ಮಾರನೆಯ ದಿನವೂ ತಿಬ್ಬವ್ವ “ಇವತ್ತೊಂದು ದಿನ” ಎಂದಳು. ಅದರ ಮಾರನೆಯ ದಿನವೂ ಇವತ್ತೊಂದು ದಿನ. ಅರ್ಧ ಇದ್ದದ್ದು ಮುಕ್ಕಾಲಾಯಿತು, ಮುಕ್ಕಾಲು ಇದ್ದದ್ದು ಪೂರ್ತಿಯಾಯಿತು.

ಕಾಯಿ ಮತ್ತೆ ಬೆಳೆಯತೊಡಗಿತು. ಬಿಂದಿಗೆಯಷ್ಟಿದ್ದದ್ದು ಹಂಡೆಯಷ್ಟಾಯಿತು. ಹಂಡೆಯಷ್ಟಿದ್ದದ್ದು ಮಲಗಿದ ಕರುವಿನಷ್ಟಾಯಿತು. ನೆಲ ತಾಗಿ ಕೊಳೆಯಬಾರದೆಂದು ತಿಬ್ಬವ್ವ ಹುಲ್ಲಿನ ದೊಡ್ಡ ಸಿಂಬೆ ಸುತ್ತಿ ಅದರ ಕೆಳಗಿಟ್ಟಳು. ಬಿಸಿಲಿಗೆ ಬೆನ್ನು ಸುಡಬಾರದೆಂದು ಹರಳೆಲೆ ಮುಚ್ಚಿದಳು. ಕೇರಿಯವರೆಲ್ಲ ಬಂದು ಬಂದು ನೋಡಿದರು. ಮಕ್ಕಳು ಅಪ್ಪಿಕೊಳ್ಳಲು ಹೋಗಿ ಕೈ ಸಾಲದೆ ನಕ್ಕರು. ಕಾಗೆ ಗೂಟದ ಮೇಲೆ ಕೂತು ಬಾಯಿ ತೆರೆಯಿತು, ಹೇಳಲು ಏನೂ ಸಿಗದೆ ಮುಚ್ಚಿಕೊಂಡಿತು. ಅಂದು ತಿಬ್ಬವ್ವ ಎರಡು ಮುದ್ದೆ ಹೆಚ್ಚು ಉಂಡಳು.

ಅತ್ತ ರಾಚವ್ವನ ಪಾತಿಯಲ್ಲಿ ಎಲೆ ಬಾಡಿದವು. ಮಿಡಿಗಳು ಹಳದಿಯಾಗಿ ಒಂದೊಂದೇ ಉದುರಿದವು. ಅವಳು ಕೊಡ ಹೊತ್ತು ತೊರೆಯವರೆಗೆ ಹೋಗಿ ನೀರು ತಂದು ಹುಯ್ದಳು. ಆದರೆ ಮನೆಯಲ್ಲಿ ಕೂಸು ಬಿಟ್ಟು ಎಷ್ಟು ಸಲ ಹೋದಾಳು? ಬಳ್ಳಿ ಬಾಡುತ್ತಲೇ ಹೋಯಿತು.

ಒಂದು ಸಂಜೆ ತಿಬ್ಬವ್ವ ತನ್ನ ಕಾಯಿಯ ಬೆನ್ನು ಒರೆಸುತ್ತಿದ್ದಳು. ಬೇಲಿಯ ಬಾಗಿಲು ಕಿರ್ ಎಂದಿತು. ನೋಡಿದರೆ ರಾಚವ್ವ. ಸೊಂಟದಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಅಕ್ಕಿ ತೊಳೆದ ನೀರಿನ ಮಡಕೆ.

ತಿಬ್ಬವ್ವ ಎದ್ದು ನಿಂತಳು. ಗೊತ್ತಾಯಿತು, ಜಗಳಕ್ಕೆ ಬಂದಳು ಎಂದುಕೊಂಡಳು. ಬಾಯಿಗೆ ಬರಬೇಕಾದ ಖಾರದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಳು.

“ಅಕ್ಕ, ನಮ್ಮ ಬಳ್ಳಿ ಇನ್ನು ಉಳಿಯಲ್ಲ” ಎಂದಳು ರಾಚವ್ವ. “ಅದಕ್ಕೆ ಹುಯ್ದು ಏನು ಮಾಡಲಿ? ಕಲಗಚ್ಚು ಸುಮ್ಮನೆ ಚೆಲ್ಲಾಕೆ ಮನಸ್ಸು ಬರಲಿಲ್ಲ. ನಿನ್ನದಾದರೂ ಚೆನ್ನಾಗಿ ಬೆಳೀಲಿ.”

ಹೀಗೆಂದವಳೇ ಬಗ್ಗಿ, ಬೇರಿಗೆ ಸುತ್ತಲೂ ಮೆಲ್ಲಗೆ ಹುಯ್ದಳು. ಒಂದು ತೊಟ್ಟೂ ಆಚೆ ಚೆಲ್ಲಲಿಲ್ಲ. ಬಳ್ಳಿ ಗಟಗಟ ಕುಡಿಯಿತು.

ತಿಬ್ಬವ್ವನಿಗೆ ನಾಚಿಕೆಯಾಯಿತು. ರಾಚವ್ವನ ಮುಖ ನೋಡಲಾಗದೆ ನೆಲ ನೋಡಿದಳು, ಕಾಲಿನ ಹೆಬ್ಬೆರಳಲ್ಲಿ ಮಣ್ಣು ಕೆರೆದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ರಾಚವ್ವ ಹೋದ ಮೇಲೂ ಅಲ್ಲೇ ನಿಂತಿದ್ದಳು.

ನಾಳೆಯಿಂದ ಹೆಂಟೆ ಇಡುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದಳು. ಅಂದೇ ಮಾಡಿದ್ದು ನಿಜ. ಮಾರನೆಯ ಮಧ್ಯಾಹ್ನ ಬಂದಾಗ ಇಟ್ಟಳು. ನನಗೂ ಇಂಥವರನ್ನು ಕಂಡರೆ ಸಿಟ್ಟು ಬರುತ್ತದೆ, ಆದರೆ ನಡೆದದ್ದು ಹಾಗೇ, ನಡೆದ ಹಾಗೇ ಹೇಳಬೇಕಲ್ಲ. ರಾಚವ್ವ ಸಂಜೆ ಸಂಜೆ ಕಲಗಚ್ಚು ತಂದು ಹುಯ್ದಳು. ತಿಬ್ಬವ್ವ ಮಧ್ಯಾಹ್ನ ಮಧ್ಯಾಹ್ನ ಹೆಂಟೆ ಇಟ್ಟಳು. ಸಂಜೆಯಾಗುತ್ತಲೇ ತಲೆನೋವು ಎಂದು ಮನೆಯೊಳಗೆ ಹೋಗಿ ಕೂತುಬಿಡುತ್ತಿದ್ದಳು.

ಕಾಯಿ ಬಲಿಯಿತು. ತೊಟ್ಟು ಒಣಗಿತು. ತಟ್ಟಿದರೆ ದಬದಬ ಸದ್ದು ಬಂತು. ಕೇರಿಯೆಲ್ಲ ತಿಬ್ಬವ್ವನ ಹಿತ್ತಲಲ್ಲಿ ಸೇರಿತು. ಆರು ಜನ ಗಂಡಸರು ಸೇರಿ ಕಾಯಿಯನ್ನು ಉರುಳಿಸಿ ನಡುವೆ ತಂದು ನಿಲ್ಲಿಸಿದರು. ಜವರಜ್ಜ ಕತ್ತಿ ಹಿಡಿದು ನಿಂತ.

“ಈ ಕಾಯಿ ಯಾರ ನೀರು ಕುಡೀತವ್ವ?”

ಎಲ್ಲರೂ ತಿಬ್ಬವ್ವನ ಕಡೆ ತಿರುಗಿದರು. ಗಾಳಿಯೂ ಬೀಸುವುದನ್ನು ಬಿಟ್ಟು ನಿಂತಿತು. ಜನರ ಹಿಂದೆ, ಎಲ್ಲರಿಗಿಂತ ಹಿಂದೆ, ರಾಚವ್ವ ಕೂಸನ್ನು ತೂಗುತ್ತಾ ನಿಂತಿದ್ದಳು.

ತಿಬ್ಬವ್ವನ ನಾಲಿಗೆಯ ತುದಿಗೆ ಆ ಹೆಸರು ಬಂದಿತ್ತು. ಒಂದೇ ಒಂದು ಹೆಸರು. ಹೇಳಿದರೆ ರಾಚವ್ವನ ಮನೆಗೆ ಅರ್ಧ ಕಾಯಿ ಹೋಗುತ್ತದೆ, ನಾಲ್ಕು ದಿನ ಹೊಟ್ಟೆ ತುಂಬುತ್ತದೆ, ಕೂಸಿಗೆ ಹಾಲಿರುತ್ತದೆ. ಆದರೆ ಹೆಸರು ಹೇಳಿದ ಮೇಲೆ ಜವರಜ್ಜ “ಅವಳ ನೀರು ನಿನ್ನ ಪಾತಿಗೆ ಹೆಂಗೆ ಬಂತು?” ಎಂದು ಕೇಳುತ್ತಾನೆ. ಆಗ ಏನು ಹೇಳುವುದು? ಇಷ್ಟು ಜನರ ಮುಂದೆ? ಕಾಗೆಯ ಮುಂದೆ?

“ನನ್ನದೇ ನೀರು” ಎಂದಳು ತಿಬ್ಬವ್ವ. “ನನ್ನ ಸರದಿ ನೀರು.”

ಜವರಜ್ಜ ತಲೆಯಾಡಿಸಿದ. ಕತ್ತಿ ಇಳಿಯಿತು. ಬಳ್ಳಿಯ ಎಲೆಗಳೆಲ್ಲ ಒಮ್ಮೆಗೇ ಕೆಳಗೆ ಬಾಗಿದವು, ಕಾಯಿ ಕಿತ್ತ ಸುಸ್ತು ಎಂದುಕೊಂಡು ಯಾರೂ ಅದನ್ನು ಗಮನಿಸಲಿಲ್ಲ. ಅರ್ಧ ಕಾಯಿ ತಿಬ್ಬವ್ವನಿಗೆ ಉಳಿಯಿತು. ಇನ್ನರ್ಧ ಹೋಳು ಹೋಳಾಗಿ ಹಂಚಿಹೋಯಿತು. ರಾಚವ್ವ ತನ್ನ ಪಾಲಿನ ಹೋಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

“ಚೆನ್ನಾಗಿ ಬೆಳೆಸ್ದೆ ಕಣಕ್ಕ” ಎಂದು ಹೇಳಿ ಹೋದಳು.

ಮಲಗಿದ ಕರುವಿನಷ್ಟು ಕಾಯಿಯಲ್ಲಿ ಅರ್ಧ ಎಂದರೆ ಒಬ್ಬಳೇ ಹೆಂಗಸು ತಿನ್ನುವುದು ಎಷ್ಟು? ಬೆಳಗ್ಗೆ ಪಲ್ಯ, ಮಧ್ಯಾಹ್ನ ಹುಳಿ, ಸಂಜೆ ಬೆಲ್ಲ ಹಾಕಿ ಕಡುಬು. ಒಂದೂ ರುಚಿಸಲಿಲ್ಲ. ಇಡೀ ಕಾಯಿಯಾದರೆ ಮಳೆಗಾಲದವರೆಗೂ ಇರುತ್ತದೆ, ಕೊಯ್ದದ್ದು ಇರುವುದಿಲ್ಲ. ನಾಲ್ಕು ದಿನಕ್ಕೆ ಲೋಳೆ ಬಂತು. ಐದನೆಯ ದಿನ ವಾಸನೆ ಬಂತು.

ಬೇಲಿಯ ಆಚೆ ರಾಚವ್ವ ಬಿಸಿಲಲ್ಲಿ ಕಾಡುಸೊಪ್ಪು ಹುಡುಕಲು ಹೋಗಿ ಬರುತ್ತಿದ್ದಳು. ಕೂಸು ಹಾಲು ಸಾಲದೆ ಅಳುತ್ತಿತ್ತು. ಆ ಅಳು ಬೇಲಿಯ ಸಂದಿಯಿಂದ ಸೀದಾ ತಿಬ್ಬವ್ವನ ಅಡುಗೆಮನೆಗೇ ಬರುತ್ತಿತ್ತು.

ಹಾಗಾದರೆ ಕೊಡಬಹುದಿತ್ತಲ್ಲ ಅನ್ನುತ್ತೀಯ. ಅವಳೂ ಹಾಗೇ ಅಂದುಕೊಂಡಳು. ಒಳ್ಳೆಯ ಹೋಳು ಆರಿಸಿ, ತಟ್ಟೆಯಲ್ಲಿಟ್ಟು, ಬೇಲಿಯವರೆಗೆ ಹೋದಳು. ಯಾಕಕ್ಕ ಇಷ್ಟೊಂದು ಅಂತ ರಾಚವ್ವ ಕೇಳಿದರೆ? ವಾಪಸ್ಸು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ಬೇಲಿಯ ಬಾಗಿಲಿಗೆ ಕೈ ಹಾಕಿದಳು, ಅಷ್ಟರಲ್ಲಿ ರಾಚವ್ವ ಕೆಮ್ಮಿದ ಸದ್ದು ಕೇಳಿ ಓಡಿ ಬಂದು ಒಳಗೆ ಅಗುಳಿ ಹಾಕಿಕೊಂಡಳು. ಕದಿಯುವಾಗ ಇದ್ದ ಧೈರ್ಯ ಕೊಡುವಾಗ ಇರಲಿಲ್ಲ.

ಹೆಂಟೆ ಇಡುವುದನ್ನಂತೂ ನಿಲ್ಲಿಸಿದ್ದಳು. ರಾಚವ್ವನ ಸರದಿಯ ನೀರು ಈಗ ಪೂರ್ತಿಯಾಗಿ ರಾಚವ್ವನ ಪಾತಿಗೇ ಹೋಗುತ್ತಿತ್ತು. ಪಾತಿಯಲ್ಲಿ ಬಳ್ಳಿ ಇರಲಿಲ್ಲ. ಬೀಜ ಹಾಕುವ ಕಾಲ ಮುಗಿದಿತ್ತು. ನೀರು ಖಾಲಿ ಗುಂಡಿಯನ್ನು ತುಂಬಿ ಸುಮ್ಮನೆ ನಿಲ್ಲುತ್ತಿತ್ತು. ತಿಬ್ಬವ್ವ ಬೇಲಿಯ ಸಂದಿಯಿಂದ ಅದನ್ನು ನೋಡುತ್ತಿದ್ದಳು, ನೋಡಿ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ, ಕೇರಿಯೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ, ಕೊಳೆತ ಕುಂಬಳವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಹಿತ್ತಲಿನ ಪಾತಿಗೆ ಸುರಿದಳು. ಮೇಲೆ ಮಣ್ಣು ಎಳೆದಳು. ಯಾರೂ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತೇನೋ ಎಂದು ಕೈ ತೊಳೆಯುವಾಗ ಅನ್ನಿಸಿತು.

ಎಂಟು ದಿನಕ್ಕೆ ಆ ಮಣ್ಣಿನಿಂದ ಒಂದು ಮೊಳಕೆ ಎದ್ದಿತು. ಕಾಲವಲ್ಲದ ಕಾಲದಲ್ಲಿ ಎದ್ದ ಬಳ್ಳಿ. ಅದು ಪಾತಿಯೊಳಗೆ ಸುರುಳಿ ಸುತ್ತಿಕೊಂಡು ಕೂರಲೇ ಇಲ್ಲ. ನೆಲಕ್ಕೆ ಮೈ ಹಚ್ಚಿ, ತಲೆ ಬಗ್ಗಿಸಿ, ಮೆಲ್ಲಮೆಲ್ಲಗೆ ಬೇಲಿಯ ಕಡೆ ಹೊರಟಿತು.

ತಿಬ್ಬವ್ವ ಬೆಳಗ್ಗೆ ಎದ್ದು ನೋಡಿ ಗಾಬರಿಯಾದಳು. ಬಳ್ಳಿ ಪಾತಿ ಬಿಟ್ಟು ಹೋಗುವುದನ್ನು ಲೋಕದಲ್ಲಿ ಯಾರೂ ಕಂಡಿರಲಿಲ್ಲ.

“ಎಲ್ಲಿಗೆ ಹೊರಟೆ?”

“ರಾಚವ್ವನ ಹಿತ್ತಲಿಗೆ” ಎಂದಿತು ಬಳ್ಳಿ.

“ಯಾಕೆ?”

“ನೀನು ಹೋಗಲಿಲ್ಲವಲ್ಲ ಅವ್ವ.”

ತಿಬ್ಬವ್ವ ಬಗ್ಗಿದಳು. ಬಳ್ಳಿಯ ತುದಿಯನ್ನು ಎತ್ತಿ ಪಾತಿಯ ಕಡೆ ತಿರುಗಿಸಿ ಬಿಟ್ಟಳು.

ಮಾರನೆಯ ಬೆಳಗ್ಗೆ ನೋಡಿದರೆ ಬಳ್ಳಿ ಮತ್ತೆ ಬೇಲಿಯ ಕಡೆಗೇ ಹೊರಟಿತ್ತು, ನಿನ್ನೆಗಿಂತ ಒಂದು ಮೊಳ ಮುಂದೆ. ಗೂಟದ ಮೇಲೆ ಕಾಗೆ ಕೂತಿತ್ತು.

“ತಿಬ್ಬವ್ವ, ನಿನ್ನ ಬಳ್ಳಿ ಯಾರ ಮನೆಗೆ ಹೊರಟೈತೆ?”

“ಯಾರ ಮನೆಗೂ ಇಲ್ಲ, ನಿನ್ನ ಕೆಲಸ ನೋಡ್ಕೊ!” ಎಂದು ತಿಬ್ಬವ್ವ ಕಾಗೆಯನ್ನು ಓಡಿಸಿದಳು. ಮತ್ತೆ ಬಳ್ಳಿಯ ತುದಿಯನ್ನು ತಿರುಗಿಸಿದಳು. “ಎಲ್ಲರೂ ಕೇಳ್ತಾರೆ ಕಣೇ. ಯಾಕೆ ಅಲ್ಲಿಗೇ ಹೋಗ್ತದೆ ಅಂತ ಕೇಳ್ತಾರೆ. ನನ್ನ ಮಾನ ಉಳಿಸು.”

“ನಾನು ಆ ಕಾಯಿಯ ಹೊಟ್ಟೆಯೊಳಗಿನ ಬೀಜವಾಗಿದ್ದಾಗಲೇ ಎಲ್ಲ ಕೇಳಿಸ್ಕೊಂಡೆ” ಎಂದಿತು ಬಳ್ಳಿ. “ಯಾರ ನೀರು ಕುಡೀತು ಅಂತ ಅಜ್ಜ ಕೇಳಿದ. ನೀನು ಹೇಳಿದ್ದೂ ಕೇಳಿಸ್ತು. ಕುಡಿದವಳಿಗೆ ಗೊತ್ತಿಲ್ಲವಾ ಅವ್ವ ಯಾರ ನೀರು ಅಂತ? ನನಗೆ ತಲೆ ಎತ್ತಾಕೆ ಆಗ್ತಿಲ್ಲ.”

ಮೂರನೆಯ ಬೆಳಗ್ಗೆ ಬಳ್ಳಿ ಬೇಲಿಯನ್ನು ಮುಟ್ಟಿತ್ತು. ತಿಬ್ಬವ್ವ ಓಡಿ ಬಂದು ಅದನ್ನು ಹಿಂದಕ್ಕೆ ಎಳೆದಳು. ಬಳ್ಳಿ ಬರಲಿಲ್ಲ. ಬಗ್ಗಿ ನೋಡಿದರೆ, ಅದರ ಗೆಣ್ಣು ಗೆಣ್ಣಿನಲ್ಲಿ ಸಣ್ಣ ಹಸಿರು ಬೆರಳು ಮೂಡಿದ್ದವು. ಆ ಬೆರಳುಗಳು ಬೇಲಿಯ ಕಡ್ಡಿಗಳನ್ನು ಸುತ್ತಿ, ಮತ್ತೆ ಸುತ್ತಿ, ಬಿಗಿಯಾಗಿ ಹಿಡಿದುಕೊಂಡಿದ್ದವು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ನಾಚಿದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವಂತಿತ್ತು ಅದು. ತಿಬ್ಬವ್ವ ಬಳ್ಳಿಯನ್ನು ಬಿಟ್ಟು ತನ್ನ ಕೈಗಳನ್ನು ನೋಡಿಕೊಂಡು ಕೂತಳು.

ಅಲ್ಲಿಂದ ಮುಂದೆ ಅವಳು ಅದನ್ನು ತಡೆಯಲಿಲ್ಲ. ಹೋಗೆಂದೂ ಹೇಳಲಿಲ್ಲ. ತನ್ನ ಸರದಿಯ ನೀರನ್ನು, ತನ್ನದನ್ನು ಮಾತ್ರ, ಬೇರಿಗೆ ಹುಯ್ಯುತ್ತಿದ್ದಳು. ಬಳ್ಳಿ ಬೇಲಿ ಹತ್ತಿತು, ಬೇಲಿ ಇಳಿಯಿತು. ಆಚೆ ಕಡೆ ಹೂ ಬಿಟ್ಟಿತು. ಆಚೆ ಕಡೆಯೇ ಕಾಯಿ ಕಚ್ಚಿತು. ಈಚೆ ಕಡೆ ಬರೀ ಬೇರು, ಬರೀ ಎಲೆ.

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಬೇಲಿಯ ಆಚೆಯಿಂದ ರಾಚವ್ವ ಕೂಗಿದಳು.

“ತಿಬ್ಬಕ್ಕೋ! ನಿನ್ನ ಕಾಯಿ ನಮ್ಮ ಕಡೆ ಬಿಟ್ಟೈತೆ. ಬಲಿತೈತೆ ನೋಡು, ಬಂದು ಕಿತ್ಕೊಂಡು ಹೋಗು.”

ತಿಬ್ಬವ್ವ ಬೇಲಿಯ ಹತ್ತಿರ ಬಂದಳು. ಕಡ್ಡಿಗಳ ಸಂದಿಯಲ್ಲಿ ನೋಡಿದಳು. ರಾಚವ್ವನ ಗೋಡೆಗೆ ಒರಗಿ ಹಂಡೆಯಂಥ ಕುಂಬಳ ಕೂತಿತ್ತು. ರಾಚವ್ವನ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಸೊಂಟದ ಮೇಲಿನ ಕೂಸು ಕಾಯಿಯನ್ನು ನೋಡಿ ಕೈಚಾಚುತ್ತಿತ್ತು. ಹಸಿದ ಮನೆ, ಬಾಗಿಲ ಬಳಿ ಬಲಿತ ಕಾಯಿ. ಆದರೂ ರಾಚವ್ವ ಅದನ್ನು ಮುಟ್ಟದೆ, ಬಂದು ತೆಗೆದುಕೊಂಡು ಹೋಗು ಎಂದು ಕರೆಯುತ್ತಿದ್ದಳು.

“ಅದು ನನ್ನದಲ್ಲ” ಎಂದಳು ತಿಬ್ಬವ್ವ.

“ಬೇರು ನಿನ್ನ ಪಾತಿಲಿ ಐತಲ್ಲಕ್ಕ.”

“ನಿನ್ನದೇ ಕಣವ್ವ ಅದು. ತಗೋ.”

“ಅದು ಹೆಂಗೆ ನಂದಾಗ್ತದೆ? ಬೇರೆಯವರ ಕಾಯಿ ನಾನು ಹೆಂಗೆ ಮುಟ್ಟಲಿ?”

ಬೇರೆಯವರದ್ದನ್ನು ಹೆಂಗೆ ಮುಟ್ಟಲಿ ಎಂದು ಅವಳು ಕೇಳಿದ್ದು ತಿಬ್ಬವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಒಳಗೆ ಓಡಿ ಹೋಗಿ ಅಗುಳಿ ಹಾಕಿಕೊಳ್ಳಬೇಕು ಅನ್ನಿಸಿತು. ಹೋಗಲಿಲ್ಲ. ಬೇಲಿಯ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಆ ದೊಡ್ಡ ಕಾಯಿ ನಿನ್ನ ನೀರು ಕುಡೀತು ರಾಚೀ” ಎಂದಳು. “ನಿನ್ನ ಸರದಿಲಿ ನಾನು ಹೆಂಟೆ ಇಟ್ಟೆ. ದಿನಾ ಇಟ್ಟೆ. ನಿನ್ನ ಬಳ್ಳಿ ಒಣಗಿದ್ದು ನನ್ನಿಂದ. ನೀನು ಕಲಗಚ್ಚು ತಂದು ಹುಯ್ದ ಮೇಲೂ ಇಟ್ಟೆ. ಅಜ್ಜನ ಮುಂದೆ ಸುಳ್ಳು ಹೇಳಿದೆ.”

ಒಂದೊಂದು ಮಾತೂ ಹಸಿ ಗಾಯದಿಂದ ಬಟ್ಟೆ ಕಿತ್ತ ಹಾಗೆ ಬಂತು. ಹೇಳಿ ಮುಗಿಸಿ, ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದಳು.

ಬೈಗುಳ ಬರಲಿಲ್ಲ. ರಾಚವ್ವ ಕೂಸನ್ನು ಇನ್ನೊಂದು ಸೊಂಟಕ್ಕೆ ಏರಿಸಿಕೊಂಡು ಮೆಲ್ಲಗೆ ಹೇಳಿದಳು.

“ಗೊತ್ತಿತ್ತು ಕಣಕ್ಕ. ತೊರೆ ಆವತ್ತು ಸಾಯಂಕಾಲವೇ ಹೇಳ್ತು. ಅದರ ಬಾಯಲ್ಲಿ ಏನಾದರೂ ನಿಲ್ತದಾ?”

ತಿಬ್ಬವ್ವ ಕಣ್ಣು ತೆರೆದಳು.

“ಗೊತ್ತಿದ್ದೂ ನೀರು ತಂದು ಹುಯ್ದೆಯಾ?”

“ಬಳ್ಳಿ ಏನು ಮಾಡಿತ್ತು? ಅದಕ್ಕೆ ಬಾಯಾರಿತ್ತು. ನಿನ್ನ ಕೇಳಿದ್ದರೆ ನೀನು ಇಲ್ಲ ಅಂತಿದ್ದೆ, ನಾನು ಹೌದು ಅಂತಿದ್ದೆ. ಆಮೇಲೆ ಅಕ್ಕಪಕ್ಕದಲ್ಲಿ ನಾವು ಹೆಂಗೆ ಬದುಕೋದು? ನನಗೂ ಸಿಟ್ಟಿತ್ತು ಅಕ್ಕ, ಸುಳ್ಳು ಯಾಕೆ ಹೇಳಲಿ. ಕೂಸು ಅತ್ತಾಗೆಲ್ಲ ಬರ್ತಿತ್ತು. ಆದರೆ ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.”

ತಿಬ್ಬವ್ವ ಬೇಲಿ ಹಿಡಿದು ಅತ್ತುಬಿಟ್ಟಳು. ಸಿಕ್ಕಿಬಿದ್ದ ನಾಚಿಕೆ ಒಂದು ತರಹ. ಎಲ್ಲ ಗೊತ್ತಿದ್ದವಳು ಇಷ್ಟು ದಿನ ಒಂದು ಮಾತೂ ಆಡದೆ ಕಾದಿದ್ದಳು ಎನ್ನುವ ನಾಚಿಕೆ ಅದಕ್ಕಿಂತ ಹೆಚ್ಚು ಸುಡುತ್ತದೆ, ಅದು ಅವಳಿಗೆ ಅಂದು ಗೊತ್ತಾಯಿತು.

“ಅಳೋದು ಆಮೇಲೆ ಅಳು” ಎಂದಳು ರಾಚವ್ವ. “ಈ ಕಾಯಿ ಎತ್ತಾಕೆ ನನ್ನ ಒಬ್ಬಳ ಕೈಲಿ ಆಗಲ್ಲ. ಬಾ, ಒಂದು ಕಡೆ ಹಿಡಿ.”

ತಿಬ್ಬವ್ವ ಮುಖ ಒರೆಸಿಕೊಂಡು ಆಚೆ ಹೋದಳು. ಇಬ್ಬರೂ ಸೇರಿ ಕಾಯಿಯನ್ನು ಎತ್ತಿ ರಾಚವ್ವನ ಮನೆಯೊಳಗಿಟ್ಟರು. ಅಂದೇ ತಿಬ್ಬವ್ವ ಜವರಜ್ಜನ ಮನೆಗೆ ಹೋಗಿ ಎಲ್ಲ ಹೇಳಿದಳು. ಕೇರಿಗೆ ಗೊತ್ತಾಯಿತು, ಗಾಳಿಗೆ ಗೊತ್ತಾಯಿತು, ಕಾಗೆಗಂತೂ ಒಂದು ತಿಂಗಳಿಗೆ ಸಾಲುವಷ್ಟು ಮಾತು ಸಿಕ್ಕಿತು. ಬಹಳ ದಿನ ಅವಳು ಕಾಲುವೆಯ ಹತ್ತಿರ ತಲೆ ತಗ್ಗಿಸಿಕೊಂಡೇ ಓಡಾಡಿದಳು. ಬಳ್ಳಿ ಮಾತ್ರ ತಾನು ಹಿಡಿದ ದಾರಿ ಬಿಡಲಿಲ್ಲ. ಅದರ ಬೀಜದ ಬಳ್ಳಿಗಳೂ ಬಿಡಲಿಲ್ಲ, ಅವುಗಳ ಬೀಜದ ಬಳ್ಳಿಗಳೂ ಬಿಡಲಿಲ್ಲ.

ಅದಕ್ಕೇ ನೋಡು ಮಗ, ನಮ್ಮ ಹಿತ್ತಲಲ್ಲಿ ನಾವು ಹಾಕಿ ನಾವು ನೀರು ಹುಯ್ದ ಕುಂಬಳದ ಬಳ್ಳಿ, ನೀನು ಎಷ್ಟು ಸಲ ಈಚೆಗೆ ತಿರುಗಿಸಿ ಬಿಟ್ಟರೂ, ತಲೆ ತಗ್ಗಿಸಿಕೊಂಡು ಬೇಲಿಯ ಕಡ್ಡಿಗೆ ಹಸಿರು ಬೆರಳು ಸುತ್ತಿಕೊಂಡು ಪಕ್ಕದ ಮನೆಗೇ ಹೋಗಿ ಕಾಯಿ ಬಿಡುತ್ತದೆ, ಮತ್ತು ಆ ಕಾಯಿ ನಮ್ಮದು ಅಂತ ನಾವು ಯಾರೂ ಕೇಳುವುದಕ್ಕೆ ಹೋಗುವುದಿಲ್ಲ.